ಕೆಂಡ ಕೊಡದ ಓಣಿ

ಮನೆ ಕೊಡಿಸುವ ದಲಾಲಿಗೆ ಇಳಿಯಬೇಕೆಂದು ಈಗಿನ ಹುಡುಗರು ನನ್ನ ಹತ್ತಿರ ಬರುತ್ತಾರೆ. ಕಟ್ಟೆಯ ಮೇಲೆ ಕೂತು, ‘ಕಾಕಾ, ಈ ಧಂದೇದಾಗ ಏನೇನು ನೋಡಬೇಕು ಹೇಳ್ರಿ’ ಎನ್ನುತ್ತಾರೆ. ನಾನು ಕನ್ನಡ ಸಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತವನು. ಬರೆಯುವುದು ನನಗೆ ಸುಲಭವಲ್ಲ. ಆದರೆ ಮಾತಾಡುವಾಗ ಅರ್ಧ ಹೇಳಿ ಅರ್ಧ ನುಂಗುವುದು ದಲಾಲನ ನಾಲಿಗೆಗೆ ರೂಢಿಯಾಗಿಬಿಟ್ಟಿರುತ್ತದೆ. ಅದಕ್ಕೇ ಕಾಗದದ ಮೇಲೆ ಬರೆಯುತ್ತಿದ್ದೇನೆ.

ತೊಲೆಯನ್ನು ಬಡಿದು ಗೆದ್ದಲು ಕಂಡುಹಿಡಿಯುವುದು, ಗೋಡೆಗೆ ಕೈಯೂರಿ ತೇವ ತಿಳಿಯುವುದು, ಉತಾರದಲ್ಲಿ ಯಾರ ಹೆಸರಿದೆ ಎಂದು ಚಾವಡಿಯಲ್ಲಿ ಕೇಳುವುದು, ಇವೆಲ್ಲ ಆರು ತಿಂಗಳಲ್ಲಿ ಬರುತ್ತವೆ. ನಾನು ಹೇಳಬೇಕೆಂದಿರುವುದು ಬೇರೆ. ಮನೆ ಕೊಳ್ಳುವವನು ಎಂಥ ದಲಾಲನನ್ನು ನಂಬಬೇಕು, ಎಂಥವನನ್ನು ನಂಬಬಾರದು ಎನ್ನುವುದು. ನಂಬಬಾರದವನು ಹೇಗಿರುತ್ತಾನೆಂದು ನನಗೆ ಚೆನ್ನಾಗಿ ಗೊತ್ತು.

ನನಗೆ ಈ ಕೆಲಸ ಕಲಿಸಿದವರು ಖಾದರಸಾಬ. ಹುಬ್ಬಳ್ಳಿಯ ಕಮರಿಪೇಟೆಯ ತಿರುವಿನಲ್ಲಿ ಒಂದು ಚಹಾದಂಗಡಿಯ ಮುಂದೆ ಹಾಕಿದ ಮರದ ಬಾಕೇ ಅವರ ಕಚೇರಿ. ಪ್ಲೇಗಿನ ವರ್ಷಗಳು ಮುಗಿದಿದ್ದರೂ ಊರೊಳಗೆ ಖಾಲಿ ಮನೆಗಳು ಇನ್ನೂ ಬಹಳ ಇದ್ದವು. ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡವರಲ್ಲಿ ಕೆಲವರು ತಿರುಗಿ ಬರಲೇ ಇಲ್ಲ. ಅತ್ತ ರೈಲ್ವೆ ಕಾರ್ಖಾನೆಗೆ ಹೊಸ ಜನ ಬರುತ್ತಿದ್ದರು. ಅವರಿಗೆ ಮನೆ ಬೇಕು. ಬೀಗ ತುಕ್ಕು ಹಿಡಿದ ಮನೆಗಳನ್ನು ಅವರಿಗೆ ಮುಟ್ಟಿಸುವುದೇ ನಮ್ಮ ಕೆಲಸ.

ಖಾಲಿ ಮನೆ ಕೈಗೆ ಬಂದರೆ ಖಾದರಸಾಬರು ಅದನ್ನು ಕೂಡಲೇ ಯಾರಿಗೂ ತೋರಿಸುತ್ತಿರಲಿಲ್ಲ. ಮೊದಲು ತಾವೇ ಅಲ್ಲಿ ಒಲೆ ಹಚ್ಚಿ ಒಂದು ಹೊತ್ತು ಉಣ್ಣಬೇಕು. ಒಂದು ಹೊರೆ ಕಟ್ಟಿಗೆ, ಒಂದು ಗಂಟು ಜೋಳದ ಹಿಟ್ಟು, ರೊಟ್ಟಿ ಸುಡಲು ಒಂದು ಹಂಚು. ಬೆಂಕಿಯನ್ನು ಮಾತ್ರ ತರುವಂತಿಲ್ಲ. ಅದನ್ನು ನೆರೆಮನೆಯವರ ಒಲೆಯಿಂದ ಕೇಳಿ ತರಬೇಕು. ಆಗ ಎಲ್ಲ ಮನೆಗಳಲ್ಲೂ ಹಾಗೇ ಇತ್ತು. ಒಲೆ ಆರಿದರೆ ಬಾಜೂ ಮನೆಗೆ ಹೋಗಿ ಒಡೆದ ಗಡಿಗೆಯ ಚೂರಿನಲ್ಲಿ ಎರಡು ಕೆಂಡ ಇಸಿದುಕೊಂಡು ಬರುವುದು.

‘ಕೆಂಡ ಕೊಟ್ರ ಮನಿ ತೋರಸು. ಕೊಡಲಿಲ್ಲ ಅಂದ್ರ ಕೈ ಮುಗದು ಬಾ. ಯಾಕ ಅಂತ ಕೇಳಬ್ಯಾಡ’ ಎಂದಿದ್ದರು ಅವರು.

‘ಕೇಳಿದ್ರೇನಾತ್ರಿ?’

‘ಕೇಳಿದ್ರ ಅವರು ಹೇಳಬೇಕಾಗತೈತಿ ಬೇಟಾ. ಹೇಳಿದ್ರ ಮನಿ ಮಾಲಕ ಬಂದು, ನನ್ನ ಮನಿ ಹೆಸರು ಕೆಡಿಸಿದ್ರಿ ಅಂತ ಜಗಳಾ ತಗೀತಾನ. ಅದಕ್ಕ ಪಾಪ, ಒಲಿ ಆರೇತಿ ಅಂತಾರ. ಮಟಮಟ ಮಧ್ಯಾಹ್ನ, ಮನಿತುಂಬ ಹೊಗಿ ಇಟಗೊಂಡು, ರೊಟ್ಟಿ ಬಡಕೋತ, ಒಲಿ ಆರೇತಿ ಅಂದ್ರ ನಾವ ತಿಳಕೋಬೇಕು.’

ನಾನು ಮೊದಲ ಸಲ ಒಬ್ಬನೇ ಹೋದದ್ದು ಬ್ರಾಹ್ಮಣರ ಓಣಿಯೊಂದಕ್ಕೆ. ಯಾವ ಮನೆಯಲ್ಲಿ ಕೇಳಿದರೂ ಒಲೆ ಹಚ್ಚಿಲ್ಲ ಎಂದರು. ಹೌಹಾರಿ ಓಡಿ ಬಂದು, ‘ಸಾಬರ, ಇಡೀ ಓಣಿ ಒಲ್ಲೆ ಅಂತು’ ಎಂದೆ. ಅವರು ಬಾಕಿನ ಮೇಲೆ ಬಿದ್ದು ಬಿದ್ದು ನಕ್ಕರು. ‘ಹಿಂದೂ ನೀನೋ ನಾನೋ? ಇವತ್ತು ಏಕಾದಶಿ ಅಲ್ಲೇನಲೇ!’ ಆ ಮಾತು ವರ್ಷಗಟ್ಟಲೆ ಚಹಾದಂಗಡಿಯಲ್ಲಿ ಓಡಾಡಿತು.

ಎಲ್ಲವೂ ನಗೆಯಾಗಿರಲಿಲ್ಲ. ಒಂದು ಮನೆಗೆ ಕೆಂಡ ಸಿಗಲಿಲ್ಲವೆಂದು ನಾವು ಬಿಟ್ಟೆವು. ಬೇರೆ ದಲಾಲನೊಬ್ಬ ಅದನ್ನು ಮಾರಿದ. ಕೊಂಡವರು ಮುಂದಿನ ಪಂಚಮಿಯ ಹೊತ್ತಿಗೆ ಹೋಗಿಬಿಟ್ಟಿದ್ದರು. ಬಾಗಿಲು ತೆರೆದೇ ಇತ್ತು. ನಾನೂ ಖಾದರಸಾಬರೂ ಇಣುಕಿ ನೋಡಿದೆವು. ಒಲೆಯ ಮೇಲೆ ಅನ್ನದ ಗಡಿಗೆ, ಮಣೆಗಳು ಹಾಕಿದಂತೆಯೇ ಇದ್ದವು, ತಾಟುಗಳಿಗೆ ಉಪ್ಪು ಬಡಿಸಿತ್ತು. ಅವರು ಎಲ್ಲಿಗೆ ಹೋದರು, ಯಾಕೆ ಹೋದರು ಎಂದು ಆ ಓಣಿಯಲ್ಲಿ ಯಾರೂ ಬಾಯಿ ಬಿಡಲಿಲ್ಲ. ನಾವೂ ಕೇಳಲಿಲ್ಲ.

ಇನ್ನು ನನ್ನ ಅಕ್ಕನ ಮಾತು.

ನೀಲವ್ವ ನನಗಿಂತ ದೊಡ್ಡವಳು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಭಾವ ಈರಪ್ಪ, ನಾನು ಮಾಮಾ ಎಂದು ಕರೆಯುತ್ತಿದ್ದೆ, ರೈಲ್ವೆ ಕಾರ್ಖಾನೆಯಲ್ಲಿ ಫಿಟ್ಟರ್. ಸಣ್ಣ ಮಗನೊಬ್ಬನನ್ನು ಕಟ್ಟಿಕೊಂಡು ಸ್ಟೇಶನ್ನಿನ ಹತ್ತಿರ ಬಾಡಿಗೆಗಿದ್ದರು. ಸ್ವಂತ ಮನೆ ಮಾಡಬೇಕೆಂದು ಇಬ್ಬರೂ ಬಹಳ ದಿನದಿಂದ ಅನ್ನುತ್ತಿದ್ದರು. ಅಷ್ಟರಲ್ಲಿ ನನ್ನ ಹೆಂಡತಿ ಎರಡನೆಯ ಬಾಣಂತನದಲ್ಲಿ ಹೋದಳು. ಎರಡು ಸಣ್ಣ ಹೆಣ್ಣುಮಕ್ಕಳು ಉಳಿದವು. ಅಕ್ಕ ದಿನಾ ಸ್ಟೇಶನ್ನಿನಿಂದ ಕಮರಿಪೇಟೆಗೆ ನಡೆದು ಬಂದು, ಮಕ್ಕಳಿಗೆ ಎರೆದು, ಹೆರಳು ಹಾಕಿ, ರೊಟ್ಟಿ ಬಡಿದಿಟ್ಟು ಹೋಗುತ್ತಿದ್ದಳು.

ಖಾದರಸಾಬರು ಅವಳಿಗೆಂದು ಬೆಂಗೇರಿಯಲ್ಲಿ ಒಂದು ಮನೆ ನೋಡಿದರು. ಆಗ ಅದು ಊರಾಚೆಗಿನ ಹಳ್ಳಿ. ಸಿಹಿನೀರಿನ ಬಾವಿ, ಗಾಳಿ, ಬೆಳಕು. ‘ಕೆಂಡ ಕೇಳಿದ್ರ ಆ ಹೆಣಮಗಳು ಕೆಂಡದ ಜೋಡಿ ಎರಡು ಬದನೀಕಾಯಿ ಸುಟಗೊಂಡು ತಿನ್ರಿ ಅಂತ ಕೊಟ್ಲು. ಅಂಥಾ ಓಣಿ’ ಎಂದರು.

ಬೆಂಗೇರಿಗೆ ಹೋದರೆ ಅಕ್ಕ ದಿನಾ ಬರುವುದಾಗದು. ನನ್ನ ಮಕ್ಕಳನ್ನು ಯಾರು ನೋಡಬೇಕು?

ಅದೇ ಹೊತ್ತಿಗೆ ನನ್ನ ಕೈಯಲ್ಲಿ ಇನ್ನೊಂದು ಮನೆ ಇತ್ತು. ನನ್ನ ಮನೆಯ ಹಿಂದಿನ ಓಣಿಯದೇ. ಹಿಂದೊಮ್ಮೆ ಕಾಳಿನ ವ್ಯಾಪಾರಿಯೊಬ್ಬನದು. ಗಟ್ಟಿ ಗೋಡೆ, ಸಾಗವಾನಿ ತೊಲೆ, ದೊಡ್ಡ ಪಡಸಾಲೆ. ಅಡುಗೆಮನೆ ಮಾತ್ರ ಉಳಿದ ಮನೆಗಿಂತ ಎರಡು ಮೆಟ್ಟಿಲು ತಗ್ಗಿನಲ್ಲಿತ್ತು. ವಾರಸುದಾರರು ಗದಗಿನ ಕಡೆ ಇದ್ದರು. ಬೇಗ ಮಾರಿಬಿಡು ಎಂದು ಕೀಲಿಕೈ ನನಗೆ ಕೊಟ್ಟಿದ್ದರು.

ಮಳೆಗಾಲದ ಒಂದು ಮಧ್ಯಾಹ್ನ ಆ ಮನೆಗೆ ಕೆಂಡ ಕೇಳಲು ಹೋದೆ. ಎದುರುಮನೆಯ ಚನ್ನವ್ವಾಯಿ ಬಾಗಿಲಲ್ಲೇ ಕೂತು ಬೇಳೆ ಹಸನು ಮಾಡುತ್ತಿದ್ದಳು. ಒಳಗೆ ಅವಳ ಸೊಸೆ ಒಲೆ ಊದುವುದು ಕೇಳುತ್ತಿತ್ತು.

‘ಆಯೀ, ಎರಡು ಕೆಂಡ ಕೊಡ್ರಿ.’

‘ಎದಕ್ಕಪಾ?’

‘ಎದುರಿನ ಮನ್ಯಾಗ ಒಲಿ ಹಚ್ಚಬೇಕಾಗೇತ್ರಿ.’

ಮೊರವನ್ನು ಆಡಿಸುತ್ತಿದ್ದ ಕೈ ನಿಂತಿತು. ‘ನಮ್ಮ ಒಲಿ ಆರೇತಿ’ ಎಂದಳು. ಬಾಜೂ ಮನೆಯಲ್ಲಿಯೂ ಅದೇ ಮಾತು. ಅದರಾಚೆಯ ಮನೆಯ ಹೆಂಗಸು ನನ್ನ ಕೈಯಲ್ಲಿನ ಗಡಿಗೆಚೂರು ನೋಡಿದವಳೇ ಬಾಗಿಲು ಮುಂದೆ ಮಾಡಿಕೊಂಡಳು.

ಕೈ ಮುಗಿದು ತಿರುಗಬೇಕಾಗಿತ್ತು. ನಾನು ಅಂಗಡಿಗೆ ಹೋಗಿ ಕಡ್ಡಿಪೆಟ್ಟಿಗೆ ತಂದೆ.

ಮೆಟ್ಟಿಲಿಳಿದು ಅಡುಗೆಮನೆಯಲ್ಲಿ ಕೂತೆ. ಒಲೆಯೊಳಗೆ ಕಡ್ಡಿ ಗೀರಿ ಹಿಡಿದರೆ ಆರಿತು. ಕೈಯನ್ನು ಎತ್ತರಕ್ಕೆ ಹಿಡಿದು ಗೀರಿದರೆ ಉರಿಯಿತು. ಹಾಗೆಯೇ ಎತ್ತರದಲ್ಲಿ ಚಿಂದಿಗೆ ಹೊತ್ತಿಸಿ ಒಲೆಗೆ ಇಳಿಸಿದೆ. ಉರಿ ಒಮ್ಮೆ ಎದ್ದಿತು. ಆಮೇಲೆ ಕಾಣದ ಕೈಯೊಂದು ಬುಡದಿಂದ ಹಿಚುಕುತ್ತಾ ಬಂದಂತೆ ಸಣ್ಣದಾಗುತ್ತಾ ಆಗುತ್ತಾ ಹೋಯಿತು. ಗಾಳಿಯಿಲ್ಲ. ಕಟ್ಟಿಗೆ ಹಸಿಯೂ ಅಲ್ಲ. ನನ್ನ ಹಿಂದೆ ಒಳಬಂದಿದ್ದ ಓಣಿಯ ಬೆಕ್ಕೊಂದು ಮೇಲಿನ ಮೆಟ್ಟಿಲ ಮೇಲೆ ಬೆನ್ನು ಬಾಗಿಸಿ ನಿಂತುಬಿಟ್ಟಿತ್ತು, ಕೆಳಗೆ ಕಾಲಿಡಲಿಲ್ಲ. ನನಗೆ ಕಣ್ಣು ಎಳೆಯತೊಡಗಿತು. ಅಲ್ಲೇ ಗೋಡೆಗೊರಗಿ ಒಂದಿಷ್ಟು ಮಲಗೋಣ ಅನ್ನಿಸಿತು. ಯಾರೋ ಬಲು ಪ್ರೀತಿಯಿಂದ ಮಲಗು ಅಂದಂತೆ. ಹೆದರಿ ಎದ್ದು ಮೆಟ್ಟಿಲೇರಿ ಬಂದೆ.

ಚಹಾದಂಗಡಿಯಲ್ಲಿ ಖಾದರಸಾಬರು, ‘ಕೆಂಡ ಕೊಟ್ರೇನು?’ ಎಂದರು.

‘ಕೊಟ್ರು ರಿ.’

‘ಉಂಡಿ?’

‘ಉಂಡ್ನಿ. ರೊಟ್ಟಿ, ಪುಂಡಿಪಲ್ಲೆ.’

ಅವರು ನನ್ನನ್ನು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಎರಡು ಚಹಾ ಹೇಳಿದರು. ಶಿಷ್ಯನ ಮಾತಿನ ಮೇಲೆ ಎರಡನೆಯ ಸಲ ಕೇಳುವ ಪದ್ಧತಿ ಅವರಲ್ಲಿ ಇರಲಿಲ್ಲ.

ಅಕ್ಕನಿಗೆ ನಾನು ಹೇಳಿದೆ: ‘ಬೆಂಗೇರಿ ದೂರ ಆಗತೈತಿ ಅಕ್ಕ. ಮಾಮಾ ಮಳ್ಯಾಗ ಕಾರ್ಖಾನಿಗೆ ಹೆಂಗ ಹೋಗತಾರ?’

‘ಖಾದರಸಾಬನಂಥಾ ದಲಾಲ ಹುಬ್ಬಳ್ಳ್ಯಾಗ ಇಲ್ಲ ಅಂತ ನೀನ ಹೇಳತಿದ್ದೆಲ್ಲೋ?’

‘ಛಲೋ ದಲಾಲನ. ಆದ್ರ ಅಂವ ನಿನ್ನ ತಮ್ಮ ಏನು?’

ಅಕ್ಕ ನಕ್ಕಳು. ‘ಅದೂ ಖರೇ ಬಿಡು. ಮನ್ಯಾಗ ದಲಾಲನ್ನ ಇಟಗೊಂಡು ಊರ ಮಂದಿ ಮಾತು ಯಾಕ ಕೇಳಲಿ?’

ಕೊಳ್ಳುವವರಿಗೆ ನಾನು ಹೇಳುವುದು ಇದೊಂದೇ. ದಲಾಲಿಯ ರೊಕ್ಕದಾಸೆ ಎಲ್ಲ ದಲಾಲರಿಗೂ ಇರುತ್ತದೆ, ಅದು ಕಣ್ಣಿಗೆ ಕಾಣುವಂಥದ್ದು. ಈ ಮನೆಯನ್ನೇ ನೀವು ಕೊಳ್ಳಲಿ ಎಂದು ಅವನಿಗೆ ಬೇರೆ ಏನಾದರೂ ಆಸೆ ಇದೆಯೋ ನೋಡಿರಿ. ಇದ್ದರೆ ಅವನು ಒಡಹುಟ್ಟಿದವನಾಗಿದ್ದರೂ ಕೈ ಮುಗಿದು ಹೋಗಿಬಿಡಿರಿ. ಒಡಹುಟ್ಟಿದವನಾಗಿದ್ದರೆ ಇನ್ನೂ ಲಗೂ ಹೋಗಿರಿ. ಅವನನ್ನು ಯಾರೂ ತಿರುಗಿ ಕೇಳುವುದಿಲ್ಲ.

ಬೇಸಿಗೆಯಲ್ಲಿ ಅವರು ಮನೆ ಹೊಕ್ಕರು. ಹಾಲುಕ್ಕಿಸುವ ದಿನ ನಾನು ಬಾಗಿಲಿಗೇ ನಿಂತಿದ್ದೆ, ಒಳಗೆ ಇಳಿಯಲಿಲ್ಲ. ಒಲೆ ಹೊತ್ತಿತು. ಹಾಲು ಉಕ್ಕಿತು. ನನಗೆ ಅಳು ಬರುವಷ್ಟು ಸಂತೋಷವಾಯಿತು. ಮಳೆಗಾಲದ ತೇವಕ್ಕೆ ಹಾಗಾಗಿದ್ದಿರಬೇಕು, ಮುದುಕಿಯರ ಮಾತು ಕಟ್ಟಿಕೊಂಡು ಏನು ಎಂದುಕೊಂಡೆ. ನನ್ನ ಮಕ್ಕಳು ಅಂದಿನಿಂದ ಅಕ್ಕನ ಮನೆಯಲ್ಲೇ ಉಂಡರು, ಅಲ್ಲೇ ಆಡಿದರು.

ಮಳೆ ಹಿಡಿದ ಮೇಲೆ ಅಕ್ಕ ಒಂದೊಂದೇ ಹೇಳತೊಡಗಿದಳು. ಅಡುಗೆಮನೆಯ ನೆಲದ ಮೇಲೆ ದೀಪ ಇಟ್ಟರೆ ಉಳಿಯುವುದಿಲ್ಲ, ಗೂಡಿನಲ್ಲಿಟ್ಟರೆ ಉಳಿಯುತ್ತದೆ. ನನ್ನ ಸಣ್ಣ ಮಗಳು ಅಲ್ಲಿ ಚಾಪೆಯ ಮೇಲೆ ಮಲಗಿದರೆ ಎಬ್ಬಿಸುವುದೇ ಕಷ್ಟ, ತುಟಿ ಬೆಳ್ಳಗಾಗಿರುತ್ತದೆ.

‘ಮತ್ತ ಒಂದು ಹೇಳಲೇನೊ ಫಕೀರಾ? ನಗಬಾರದ ಮತ್ತ.’

‘ಹೇಳು.’

‘ನಾ ಬೀಸಾಕ ಕುಂತ್ನೆಂದ್ರ ಕೆಳಗ ಇನ್ನೊಬ್ಬಾಕಿ ಬೀಸಾಕತ್ತಂಗ ಆಗತೈತಿ. ನನ್ನ ಕಲ್ಲು ತಿರಗಿದ್ರ ಅಕಿ ಕಲ್ಲು ತಿರಗತೈತಿ. ನಾ ನಿಲ್ಲಿಸಿದ್ರ ಅಕಿನೂ ನಿಲ್ಲಸ್ತಾಳ. ಆದ್ರ ಒಂದೀಟು ತಡದು.’

‘ಹುಚ್ಚಿ, ನೆಲಾ ಪೊಳ್ಳ ಇರಬೇಕು’ ಎಂದೆ. ಎಂದ ಮೇಲೆ ನನ್ನ ಮಾತು ನನಗೇ ಕೇಳಿಸಿತು.

ಆದರೂ ಮಕ್ಕಳನ್ನು ಅಡುಗೆಮನೆಯಲ್ಲಿ ಮಲಗಿಸಬೇಡ ಎಂದಷ್ಟೇ ಹೇಳಿ ಎದ್ದು ಬಂದೆ. ಅಕ್ಕ ಒಲೆಯನ್ನು ಹಿತ್ತಲಿಗೆ ಒಯ್ದಳು. ಬೀಸುಕಲ್ಲು ಮಾತ್ರ ಬಹಳ ಭಾರ, ಅದು ಅಲ್ಲೇ ಉಳಿಯಿತು. ಕೆಲವು ಮಳೆಗಾಲಗಳು ಹಾಗೆಯೇ ಕಳೆದವು. ಖಾದರಸಾಬರು ತೀರಿಕೊಂಡರು. ಅವರ ಬಾಕಿನ ಮೇಲೆ ನಾನು ಕೂತೆ.

ಆಮೇಲೆ ಯುದ್ಧ ಬಂತು. ಜೋಳ ಸಿಗದಾಯಿತು. ಸಿಕ್ಕಾಗ ತಂದು ಬಚ್ಚಿಡಬೇಕು ಎನ್ನುವ ಕಾಲ. ಒಂದು ಸಂಜೆ ಭಾವ ಮುಖವರಳಿಸಿಕೊಂಡು ನನ್ನ ಬಾಕಿಗೆ ಬಂದರು.

‘ಫಕೀರಪ್ಪ, ನಿಮ್ಮಕ್ಕನ ದೆವ್ವಾ ಸಿಕ್ತಪಾ! ಅಡಗಿಮನಿ ಹಳೇ ಒಲಿ ಕಿತ್ತೆ, ಬುಡಕ ಬಂಡಿಗಲ್ಲು ಐತಿ. ಕಲ್ಲಿನ ಕೆಳಗ ಹಗೇವು. ಜೋಳದ ಹಗೇವು! ನಾಲ್ಕು ಚೀಲ ಆರಾಮ ಇಡಬೌದು, ಯಾರಿಗೂ ಗೊತ್ತಾಗೂದಿಲ್ಲ.’

ನೆಲದೊಳಗೆ ತೋಡಿದ ಕಾಳಿನ ಕಣಜ ಅದು. ಹೊಟ್ಟೆ ದೊಡ್ಡದು, ಬಾಯಿ ಸಣ್ಣದು. ಹಳೆಯ ಕಾಳು ಒಳಗೆ ಕೊಳೆತರೆ ಅದರ ಕಾವಿನ ಗಾಳಿ ಮನುಷ್ಯನನ್ನು ಕೊಲ್ಲುತ್ತದೆಂದು ನಮ್ಮ ಕಡೆ ಯಾರಿಗೆ ಗೊತ್ತಿಲ್ಲ? ಭಾವನಿಗೂ ಗೊತ್ತಿತ್ತು. ಅದಕ್ಕೇ ನನ್ನ ಹತ್ತಿರ ಬಂದಿದ್ದರು.

‘ಮುಂಜಾನಿಂದ ಬಾಯಿ ತಗದ ಇಟ್ಟೇನಿ. ಕಂದೀಲ ಬಿಟ್ಟೆ. ಮ್ಯಾಲೆ ಉರೀತು, ತಳಕ್ಕ ಹೋಗಿ ಆರಿತು. ಮಳ್ಯಾಗ ನೆಲದ ಮ್ಯಾಲಿನ ದೀಪ ಆರೂದು ತೇವಕ್ಕ ಅಂದಕೊಂಡಿದ್ವಿ. ಈಗಿನ ಚಿಮಣಿಎಣ್ಣಿನೂ ಹಂಗ ಐತಿ ಬಿಡು, ಪಡಸಾಲ್ಯಾಗ ಇಟ್ರೂ ಆರತೈತಿ. ನಾವು ಆ ಮನಿ ತಗೊಳ್ಳಾಕಿಂತ ಮೊದಲ ನೀ ಅಲ್ಲೆ ಒಲಿ ಹಚ್ಚಿ ಉಂಡ ನೋಡಿದ್ದೆಲ್ಲ? ಆವಾಗ ಬೆಂಕಿ ಹೆಂಗ ಇತ್ತು?’

ನನಗೆ ಎರಡನೆಯ ಅವಕಾಶ ಸಿಕ್ಕಿತ್ತು. ಆರಿತ್ತು ಮಾಮಾ ಎಂದರೆ ಸಾಕಿತ್ತು. ಆದರೆ ಅದರ ಹಿಂದೆಯೇ, ಮತ್ತ್ಯಾಕ ಕೊಡಿಸಿದಿ ಎಂಬ ಮಾತು ಬರುತ್ತಿತ್ತು.

‘ಛಲೋ ಉರೀತ್ರಿ ಮಾಮಾ’ ಎಂದೆ.

‘ಹಂಗಾರ ಎಣ್ಣೀದ ತಪ್ಪು’ ಎಂದು ಅವರು ಹೋದರು.

ಮರುದಿನ ಭಾನುವಾರ. ಮುಂಜಾನೆ ನನಗೆ ಮನೆಯಲ್ಲಿ ನಿಲ್ಲಲಾಗಲಿಲ್ಲ. ಹೇಳಿಬಿಡೋಣವೆಂದು ಹೊರಟೆ. ಓಣಿಯ ತಿರುವಿಗೆ ಬಂದಾಗಲೇ ಅಕ್ಕನ ದನಿ ಕೇಳಿತು. ಗಾಬರಿಯ ದನಿಯಲ್ಲ, ಚೇಷ್ಟೆ ಮಾಡುವ ಮಗುವನ್ನು ಗದರಿಸುವ ದನಿ. ‘ಏ, ಸಾಕ ನಿಮ್ಮ ಆಟ. ಏಳ್ರಿ ಅಂದ್ರ. ಏಳ್ರಿ!’

ಅಡುಗೆಮನೆಯಲ್ಲಿ ಹಗೇವಿನ ಬಾಯಿಗೆ ಅವಳು ಬಗ್ಗಿದ್ದಳು. ಬೆಳಕಿಂಡಿಯ ಬಿಸಿಲು ನೆಟ್ಟಗೆ ಒಳಗೆ ಬಿದ್ದಿತ್ತು. ಭಾವ ಏಣಿಯ ಬುಡದಲ್ಲಿ ಕೂತಿದ್ದರು. ದಣಿದವರು ಕೂರುವ ಹಾಗೆ, ಮೊಣಕಾಲಿನ ಮೇಲೆ ಕೈಕಟ್ಟಿ, ಅದರ ಮೇಲೆ ತಲೆಯಿಟ್ಟು. ಒಂದು ಕೂಗು ಕೂಗಿದರೆ ತಲೆಯೆತ್ತಿ ನೋಡುತ್ತಾರೆ ಅನ್ನಿಸುತ್ತಿತ್ತು. ‘ಇಳದ್ರು, ಎಷ್ಟ್ ತಂಪೈತಿ ಇಲ್ಲೆ ಅಂದ್ರು, ಕುಂತ್ರು’ ಎಂದಳು ಅಕ್ಕ ನನ್ನತ್ತ ತಿರುಗಿ. ಆಮೇಲೆ ಏಣಿಗೆ ಕಾಲಿಟ್ಟಳು.

ಎದುರುಮನೆಯಿಂದ ಚನ್ನವ್ವಾಯಿ ಬಂದದ್ದು ಯಾವಾಗಲೋ ಕಾಣೆ. ಅಷ್ಟು ಮುದುಕಿ, ಹಿಂದಿನಿಂದ ಅಕ್ಕನ ಸೀರೆಯ ನಡುವನ್ನು ಎರಡೂ ಕೈಯಲ್ಲಿ ಹಿಡಿದು ನೆಲಕ್ಕೆ ಕೂತುಬಿಟ್ಟಳು. ‘ಒಬ್ಬರ ಬೆನ್ನಹಿಂದ ಒಬ್ಬರು ಹೋಗಬ್ಯಾಡ್ರೆವಾ. ಆಗ ಅಣ್ಣತಮ್ಮರು ಹಿಂಗ ಹೋದ್ರು. ಒಬ್ಬಾಂವನ್ನ ತರಾಕ ಇನ್ನೊಬ್ಬಾಂವ ಇಳದಾ.’

ಕಾಳಿನ ವ್ಯಾಪಾರಿಯ ಮಕ್ಕಳ ಮಾತು ಅದು. ಪ್ಲೇಗಿಗೆ ಹೆದರಿ ತುಂಬಿದ ಹಗೇವನ್ನು ಮುಚ್ಚಿ ಊರು ಬಿಟ್ಟಿದ್ದರು. ತಿರುಗಿ ಬಂದು ತೆರೆದಾಗ ಇಬ್ಬರೂ ಒಳಗೇ ಸತ್ತರು. ಹೆಣಗಳನ್ನು ಮೇಲೆತ್ತಿದ ಮೇಲೆ, ಮುಂದೆ ಯಾರೂ ತೆರೆಯದಿರಲೆಂದು ಮನೆಯವರು ಬಂಡೆ ಮುಚ್ಚಿ, ಅದರ ಮೇಲೇ ಒಲೆ ಹೂಡಿದ್ದರು. ಒಳಗೆ ಉಳಿದ ಕಾಳು ಮಳೆನೀರಿಗೆ ಪ್ರತಿವರ್ಷ ಕೊಳೆಯುತ್ತಿತ್ತು. ಓಣಿಯವರು ಆ ಮನೆಗೆ ಬೆಂಕಿ ಕೊಡುವುದನ್ನು ಬಿಟ್ಟಿದ್ದರು.

ಜನ ಕೂಡಿದರು. ಕೊಕ್ಕೆ ಹಾಕಿ ಭಾವನನ್ನು ಮೇಲೆತ್ತಿದರು, ಜೀವ ಹೋಗಿತ್ತು. ಆ ಗದ್ದಲದಲ್ಲಿ ಚನ್ನವ್ವಾಯಿ ನನ್ನ ಹತ್ತಿರ ಬಂದು, ನನಗಷ್ಟೇ ಕೇಳುವಂತೆ, ‘ನಾವು ನಿನಗ ಕೆಂಡ ಕೊಟ್ಟಿರಲಿಲ್ಲಲ್ಲೋ ತಮ್ಮಾ’ ಎಂದಳು.

ಅಂದಿನಿಂದ ಆ ಮುದುಕಿಯನ್ನು ಕಂಡರೆ ಓಣಿ ಬದಲಿಸುತ್ತಿದ್ದೆ. ಅವಳು ತೀರಿಕೊಂಡ ಸುದ್ದಿ ಬಂದಾಗ ನನ್ನ ಎದೆ ಹಗುರಾಯಿತು. ಆ ಹಗುರದ ನೆನಪು ಈಗಲೂ ನನಗೆ ಹೇಸಿಗೆ ತರುತ್ತದೆ.

ಹಗೇವಿಗೆ ಬಂಡಿಗಟ್ಟಲೆ ಮಣ್ಣು ತುಂಬಿಸಿ, ನಾನೇ ನಿಂತು ದಮ್ಮಸು ಹೊಡೆಸಿದೆ. ನೆಲ ಕಲ್ಲಿನಂತಾಯಿತು. ದೀಪ ಉರಿಯತೊಡಗಿತು. ವರ್ಷ ಕಳೆದ ಮೇಲೆ ಒಂದು ದಿನ ಅಕ್ಕ ಬೀಸುವಾಗ ನಾನು ಪಡಸಾಲೆಯಲ್ಲಿದ್ದೆ. ಕಲ್ಲು ನಿಂತಿತು. ಒಂದು ಗಳಿಗೆ ತಡೆದು, ನೆಲದೊಳಗೆ ಎಲ್ಲೋ, ಇನ್ನೊಂದು ಕಲ್ಲು ನಿಂತಿತು. ಪೊಳ್ಳು ಎನ್ನಲು ಅಲ್ಲೀಗ ಪೊಳ್ಳಿರಲಿಲ್ಲ. ಅಕ್ಕ ಏನೂ ಆಗದವಳಂತೆ ಹಿಟ್ಟು ಬಳಿದುಕೊಂಡಳು. ನಾನೂ ಕೇಳಲಿಲ್ಲ.

ಅವಳು ನನ್ನ ಇಬ್ಬರು ಹುಡುಗಿಯರನ್ನೂ ಸಾಕಿ, ಲಗ್ನ ಮಾಡಿ ಕಳಿಸಿದಳು. ಅವಳ ಮಗ ಅಪ್ಪನ ಕಾರ್ಖಾನೆಯಲ್ಲೇ ಕೆಲಸಕ್ಕೆ ಹತ್ತಿದ. ಅವನಿಗೆ ಕ್ವಾರ್ಟರ್ಸ್ ಸಿಕ್ಕಿತು. ‘ಅವ್ವಾ, ಅಲ್ಲೇ ಎಲ್ಲಾರೂ ಕೂಡಿ ಇರೂಣು’ ಎಂದ. ಅಕ್ಕ ನನ್ನನ್ನು ಕರೆಸಿ, ಮನೆಗೆ ಗಿರಾಕಿ ನೋಡು ಎಂದಳು.

ಆ ಹೊತ್ತಿಗೆ ಕೆಂಡ ಕೇಳುವ ಪದ್ಧತಿ ಉಳಿದಿರಲಿಲ್ಲ. ಎಲ್ಲರ ಮನೆಯಲ್ಲೂ ಕಡ್ಡಿಪೆಟ್ಟಿಗೆ, ಕೆಲವರಲ್ಲಿ ಸ್ಟೋವ್. ಹೊಸ ದಲಾಲರು ನೇರ ಕೀಲಿ ತೆಗೆದು ತೋರಿಸುತ್ತಿದ್ದರು. ನಾನೂ ಒಬ್ಬ ಸಾಲಿಮಾಸ್ತರನನ್ನು, ಅವನ ಎಳೆಯ ಹೆಂಡತಿಯನ್ನು ಹಾಗೇ ಕರೆದುಕೊಂಡು ಹೋದೆ. ಮನೆ ಅವರಿಗೆ ಹಿಡಿಸಿತು. ಹುಡುಗಿ ಅಡುಗೆಮನೆಗೆ ಇಳಿದು, ಇಲ್ಲಿ ಮಡಿಕೆ, ಅಲ್ಲಿ ದೇವರು ಎಂದು ಬೆರಳು ತೋರಿಸುತ್ತಿದ್ದಳು. ಮೇಲೆ ಬಂದು ಅಕ್ಕನನ್ನು ಕೇಳಿದಳು:

‘ಮನಿ ಹೆಂಗೈತ್ರೆವ್ವಾ? ನೀವ ಇಷ್ಟು ವರ್ಷ ಬಾಳಿದವರು.’

ಅಕ್ಕ ನನ್ನತ್ತ ಕೈ ಮಾಡಿದಳು. ‘ಅವನ್ನ ಕೇಳವಾ. ನಮಗ ನೋಡಿ ಕೊಡಿಸಿದಾಂವ ಅವನ.’

ಅದರಲ್ಲಿ ಕುಟುಕು ಇರಲಿಲ್ಲ. ಅವಳು ನಿಜವಾಗಿಯೂ ಹಾಗೇ ನಂಬಿದ್ದಳು. ಹುಡುಗಿ ನನ್ನ ಮುಖ ನೋಡಿದಳು. ಈಗ ಮನೆಯಲ್ಲಿ ಏನೂ ಇಲ್ಲ, ಮಣ್ಣು ತುಂಬಿದೆ, ದೀಪ ಉರಿಯುತ್ತದೆ. ಛಲೋ ಐತ್ರಿ ಎಂದರೆ ಸುಳ್ಳೂ ಆಗುತ್ತಿರಲಿಲ್ಲವೇನೋ. ಬಾಯಿ ತೆರೆದೆ. ಆ ಮಳೆಗಾಲದ ಮಧ್ಯಾಹ್ನದಿಂದ ಹಿಡಿದು ಎಲ್ಲವನ್ನೂ ಹೇಳಿದೆ. ಕೆಂಡ ಕೊಡದ ಮೂರು ಬಾಗಿಲು, ಕಡ್ಡಿಪೆಟ್ಟಿಗೆ, ತಿನ್ನದ ರೊಟ್ಟಿ. ಭಾವ ಬಾಕಿಗೆ ಬಂದು ಕೇಳಿದ್ದು, ನಾನು ಹೇಳಿದ್ದು. ಮಾಸ್ತರನಿಗೂ ಆ ಹುಡುಗಿಗೂ ಹೇಳುತ್ತಿದ್ದೆ, ಆದರೆ ಅವರ ಮುಖ ಹೇಗಿತ್ತೆಂದು ನನಗೆ ನೆನಪಿಲ್ಲ. ಅಕ್ಕ ಕಂಬಕ್ಕೆ ಒರಗಿ ನಿಂತು ಕೇಳುತ್ತಿದ್ದಳು.

ಅವರು ಹೋದರು. ಅಕ್ಕ ಒಳಗೆ ಹೋಗಿ ಬಹಳ ಹೊತ್ತಿನ ಮೇಲೆ ಬಂದಳು. ಅತ್ತಿರಲಿಲ್ಲ.

‘ನಿಮ್ಮ ಮಾಮಾ ನಿನ್ನ ಕೇಳಾಕ ಬಂದಿದ್ರು?’

‘ಬಂದಿದ್ರು.’

‘ಹಿಂದಿನ ದಿನಾ?’

‘ಹೂಂ.’

ಅವಳು ಕೆಳಗೆ ಕೂತು, ಅಂಗೈಯಿಂದ ನೆಲವನ್ನು ಸವರುತ್ತಾ ಇದ್ದಳು. ಆಮೇಲೆ, ‘ಫಕೀರಾ, ನನಗ ಬ್ಯಾರೆ ದಲಾಲನ್ನ ಹುಡಿಕಿ ಕೊಡು’ ಎಂದಳು.

ನಾನು ಹುಡುಕಿದೆ. ಅಕ್ಕನಿಗೆ ಮೊದಲೇ ಮಾಡಿಕೊಡಬೇಕಾಗಿದ್ದ ಕೆಲಸ ಅದು. ಚಹಾದಂಗಡಿಗಳಲ್ಲಿ ಕೂತು ಎಷ್ಟೋ ದಿನ ಒಬ್ಬೊಬ್ಬನ ಮಾತನ್ನೂ ಕೇಳಿದೆ. ಕೊನೆಗೆ ಒಬ್ಬ ತೊದಲುವ ಹುಡುಗ ಸಿಕ್ಕ. ಅವನಿಗೆ ನಾನು ಬಂಧುವಲ್ಲ, ಅಕ್ಕನ ಹೆಸರು ಅವನು ಕೇಳಿರಲಿಲ್ಲ, ಆ ಮನೆ ಹೋದರೂ ಉಳಿದರೂ ಅವನಿಗೆ ದಲಾಲಿಯ ಹೊರತು ಏನೂ ಇರಲಿಲ್ಲ. ಹಗೇವಿನ ಸಂಗತಿಯನ್ನು ಅವನಿಗೆ ಬಿಡಿಸಿ ಹೇಳಿದೆ.

‘ಇಷ್ಟೆಲ್ಲಾ ಗಿರಾಕಿಗೆ ಹೇಳಿದ್ರ ಮನಿ ಹೋಗೂದಿಲ್ರೀ ಕಾಕಾ’ ಎಂದ ಅವನು.

‘ಹೋಗದಿದ್ರ ಬಿಡು. ಹೇಳು.’

ಓಣಿಯ ತುದಿಯವರೆಗೆ ಜೊತೆಗೆ ಹೋಗಿ ಮನೆ ತೋರಿಸಿ ನಿಂತೆ. ಹುಡುಗ ಬಾಗಿಲು ಬಡಿದ. ಅಕ್ಕ ಬಂದು ತೆರೆದಳು. ಅವನು ತೊದಲಿ ತೊದಲಿ ಏನೋ ಕೇಳುತ್ತಿದ್ದ, ಅವಳು ಅವಸರ ಮಾಡದೆ ಕೇಳುತ್ತಿದ್ದಳು. ಒಮ್ಮೆ ಕತ್ತೆತ್ತಿ ನಾನಿದ್ದ ಕಡೆ ನೋಡಿದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಹುಡುಗನನ್ನು ಒಳಗೆ ಕರೆದುಕೊಂಡು ಅಡುಗೆಮನೆಯ ಕಡೆ ತಾನೇ ಮುಂದಾಗಿ ನಡೆದಳು.